ಕೊಟ್ಟ ರೂಪಾಯಿ ಎಷ್ಟು, ಕೈಗೆ ಬಂದ ಬಾತ್ ಎಷ್ಟು: ವಿದೇಶಕ್ಕೆ ಹೊರಟವರು ಹಣ ಬದಲಿಸುವ ಮುನ್ನ

ಅಮ್ಮನಿಗೆ ಅರವತ್ತೈದು ತುಂಬಿದ ವರ್ಷ ಅಕ್ಕ, ಭಾವ, ಮಕ್ಕಳು ಎಲ್ಲ ಸೇರಿ ಥಾಯ್ಲೆಂಡಿಗೆ ಹೊರಟಿದ್ದೆವು. ವೀಸಾ, ಟಿಕೆಟ್ಟು, ಹೋಟೆಲು, ಅಮ್ಮನ ಬಿಪಿ ಮಾತ್ರೆ, ಎಲ್ಲವನ್ನೂ ತಿಂಗಳ ಮೊದಲೇ ಹೊಂದಿಸಿಟ್ಟಿದ್ದ ನಾನು ಹಣ ಬದಲಿಸುವುದನ್ನು ಮಾತ್ರ ಕೊನೆಗೆ ಬಿಟ್ಟುಬಿಟ್ಟೆ. ರಾತ್ರಿ ವಿಮಾನ. ನಿಲ್ದಾಣದೊಳಗಿನ ಒಂದು ಕೌಂಟರಿನಲ್ಲಿ ‘ಕಮಿಷನ್ ಇಲ್ಲ’ ಎಂಬ ಬೋರ್ಡು ಕಂಡಿತು. ಕಾರ್ಡು ಉಜ್ಜಿ ಥಾಯ್ಲೆಂಡಿನ ಹಣವಾದ ಬಾತ್ ತೆಗೆದುಕೊಂಡು ಬಂದೆ. ಅಮ್ಮ ನೋಟುಗಳನ್ನು ಎಣಿಸಿ, ರಸೀದಿ ನೋಡಿ, “ಅಷ್ಟು ಕೊಟ್ಟಿದ್ದಕ್ಕೆ ಇಷ್ಟೇನಾ?” ಅಂದಳು. ವಿಮಾನದಲ್ಲಿ ಕೂತು ಲೆಕ್ಕ ಹಾಕಿದರೆ ಅವಳ ಅನುಮಾನ ಸರಿಯಾಗಿತ್ತು. ಒಂದು ದಿನದ ಊಟ-ತಿರುಗಾಟದ ಖರ್ಚಿಗಿಂತ ಹೆಚ್ಚು ಹಣ ಆ ಹತ್ತು ನಿಮಿಷದಲ್ಲಿ ಹೋಗಿತ್ತು. ರಸೀದಿಯಲ್ಲಿ ಕಮಿಷನ್ ಎಂಬ ಸಾಲು ನಿಜವಾಗಿಯೂ ಇರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಪ್ರವಾಸದಲ್ಲೂ ಈ ಲೆಕ್ಕವನ್ನು ಬರೆದಿಡುತ್ತಾ ಬಂದಿದ್ದೇನೆ. ಮೊದಲ ಬಾರಿಗೆ ಅಪ್ಪ-ಅಮ್ಮನನ್ನು ವಿದೇಶಕ್ಕೆ ಕರೆದೊಯ್ಯುವವರು, ಮಧುಚಂದ್ರಕ್ಕೆ ಹೊರಟವರು ನನ್ನ ಹಾಗೆ ಹಣ ಕಳೆದುಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳು ಬ್ಯಾಂಕಾಕ್‌ನವು, ಏಕೆಂದರೆ ನಾನು ಚೆನ್ನಾಗಿ ಬಲ್ಲ ದಾರಿ ಅದು. ಲೆಕ್ಕದ ಕ್ರಮ ಎಲ್ಲಿಗೆ ಹೋದರೂ ಒಂದೇ.

ಮೊದಲು ನಡುದರ ತಿಳಿದುಕೊಳ್ಳಿ

ಗೂಗಲ್‌ನಲ್ಲಿ ‘1 ಡಾಲರ್ ಎಷ್ಟು ರೂಪಾಯಿ’ ಎಂದು ಹುಡುಕಿದರೆ ಬರುವ ಅಂಕಿ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನದು. ನಾನು ಇದನ್ನು ನಡುದರ ಎನ್ನುತ್ತೇನೆ. ಆ ದರಕ್ಕೆ ನಮಗೆ ನೋಟು ಸಿಗುವುದಿಲ್ಲ. ಅಂಗಡಿಯವರಿಗೆ ಬಾಡಿಗೆ, ಸಂಬಳ, ನೋಟು ತರಿಸುವ ಖರ್ಚು ಎಲ್ಲ ಇರುತ್ತದೆ. ಅವರು ಸ್ವಲ್ಪ ಲಾಭ ಇಟ್ಟುಕೊಳ್ಳುವುದು ನ್ಯಾಯವೇ. ಆ ಸ್ವಲ್ಪ ಎಷ್ಟು ಎನ್ನುವುದಷ್ಟೇ ನಮ್ಮ ಪ್ರಶ್ನೆ.

ಬೋರ್ಡಿನಲ್ಲಿ ಎರಡು ಕಾಲಂ ಇರುತ್ತವೆ, ‘ವಿ ಬೈ’ ಮತ್ತು ‘ವಿ ಸೆಲ್’. ಇವೆರಡೂ ಅಂಗಡಿಯವರ ಮಾತು. ನೀವು ಡಾಲರ್ ಕೊಳ್ಳುವಾಗ ಅವರು ಮಾರುತ್ತಿರುತ್ತಾರೆ, ಹಾಗಾಗಿ ನಿಮಗೆ ಅನ್ವಯಿಸುವುದು ‘ಸೆಲ್’. ಊರಿಗೆ ಮರಳಿ ಉಳಿದದ್ದನ್ನು ಕೊಡುವಾಗ ‘ಬೈ’. ಈ ಎರಡು ಅಂಕಿಗಳ ನಡುವಿನ ಅಂತರ ಅಗಲವಾದಷ್ಟೂ ಅಂಗಡಿ ದುಬಾರಿ. ಬೋರ್ಡಿನ ಮುಂದೆ ನಿಂತ ಕೂಡಲೇ ಮೊದಲು ನೋಡಬೇಕಾದದ್ದು ಇದನ್ನೇ.

‘ಶುಲ್ಕವಿಲ್ಲ’, ‘ಕಮಿಷನ್ ಸೊನ್ನೆ’ ಎಂದು ಬರೆದಿರುವಲ್ಲಿ ಲಾಭ ದರದೊಳಗೇ ಕೂತಿರುತ್ತದೆ. ಕಡಿಮೆ ಕಮಿಷನ್ ಹಿಡಿಯುವವರು ಒಳ್ಳೆಯ ದರ ಕೊಡಬಹುದು, ಕಮಿಷನ್ನೇ ಇಲ್ಲ ಎನ್ನುವವರು ಕೆಟ್ಟ ದರ ಕೊಡಬಹುದು. ಹಾಗಾಗಿ ದರ ಬೇರೆ, ಶುಲ್ಕ ಬೇರೆ ಎಂದು ತೂಗುತ್ತ ಕೂರಬೇಡಿ. ಒಂದೇ ಭಾಗಾಕಾರ ಸಾಕು: ಎಲ್ಲ ಸೇರಿ ನಿಮ್ಮ ಖಾತೆಯಿಂದ ಹೋದ ರೂಪಾಯಿಯನ್ನು ನಿಮ್ಮ ಕೈಗೆ ಬಂದ ವಿದೇಶಿ ಹಣದಿಂದ ಭಾಗಿಸಿ. ಬರುವ ಅಂಕಿಯನ್ನು ನಡುದರದ ಪಕ್ಕ ಇಡಿ. ಕೌಂಟರು, ಕಾರ್ಡು, ಎಟಿಎಂ ಎಲ್ಲವನ್ನೂ ಈ ಒಂದೇ ಅಳತೆಗೋಲಿನಲ್ಲಿ ಅಳೆಯಬಹುದು.

ನೋಟು ಎಷ್ಟು ಬೇಕು, ಎಲ್ಲಿ ಬೇಕು

ಹೊರಡುವ ವಾರ ಕೂತು ಖರ್ಚನ್ನು ಎರಡು ಪಟ್ಟಿಯಾಗಿ ಬರೆಯಿರಿ. ಹೋಟೆಲು, ಮಾಲು, ದೊಡ್ಡ ರೆಸ್ಟೋರೆಂಟು, ಬುಕಿಂಗ್ ಕಾರ್ಡಿನ ಪಟ್ಟಿಗೆ. ರಸ್ತೆ ಬದಿಯ ತಿಂಡಿ, ಟುಕ್‌ಟುಕ್, ದೋಣಿ, ರಾತ್ರಿ ಸಂತೆ, ಸಣ್ಣ ದೇವಾಲಯಗಳ ಟಿಕೆಟ್ಟು ನೋಟಿನ ಪಟ್ಟಿಗೆ. ಥಾಯ್ಲೆಂಡಿನಲ್ಲಿ ಹಣ್ಣಿನ ಗಾಡಿಯ ಮೇಲೂ ಕ್ಯೂಆರ್ ಚೀಟಿ ಅಂಟಿಸಿರುತ್ತಾರೆ. ಅದು ಪ್ರಾಂಪ್ಟ್‌ಪೇ, ಮುಖ್ಯವಾಗಿ ಅಲ್ಲಿನ ಬ್ಯಾಂಕ್ ಖಾತೆ ಇರುವವರಿಗಾಗಿ ಇರುವುದು. ಕಂಡ ಕ್ಯೂಆರ್ ಎಲ್ಲ ನಮ್ಮ ಯುಪಿಐ ಎಂದು ನಂಬಿ ನೋಟಿಲ್ಲದೆ ಹೋಗಬೇಡಿ.

ಯುಪಿಐ ಕೆಲವು ದೇಶಗಳಲ್ಲಿ ನಡೆಯುತ್ತದೆ. ಭೂತಾನದಲ್ಲಿ 2021ರಿಂದ, ಶ್ರೀಲಂಕಾ ಮತ್ತು ಮಾರಿಷಸ್‌ನಲ್ಲಿ 2024ರ ಫೆಬ್ರುವರಿಯಿಂದ ಇದೆ. ನೇಪಾಳ, ಸಿಂಗಪುರ, ಯುಎಇಗಳಲ್ಲೂ ಅನೇಕ ಅಂಗಡಿಗಳಲ್ಲಿ ನಡೆಯುತ್ತದೆ. ಪ್ಯಾರಿಸಿನ ಐಫೆಲ್ ಗೋಪುರದ ಟಿಕೆಟ್ಟಿಗೂ ಬಳಸಬಹುದು. ಅದಕ್ಕೆ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಪಾವತಿಯನ್ನು ಮೊದಲೇ ಚಾಲೂ ಮಾಡಿಕೊಳ್ಳಬೇಕು. ಪಿನ್ ಒತ್ತುವ ಮೊದಲು ತೆರೆಯ ಮೇಲೆ ಎಷ್ಟು ರೂಪಾಯಿ ಹೋಗುತ್ತದೆ ಎಂದು ಕಾಣುತ್ತದೆ. ಭಾಗಾಕಾರ ಅಲ್ಲೇ ಮಾಡಿ.

ಊರಿನಲ್ಲೇ ಕೊಳ್ಳುವುದು

ಹೊರಡುವ ನಾಲ್ಕೈದು ದಿನ ಮೊದಲು, ವಾರದ ನಡುವೆ, ಮೂರು ಕಡೆ ಫೋನ್ ಮಾಡಿ. ಶನಿವಾರ-ಭಾನುವಾರ ಬೇಡ. ಆಗ ವಿದೇಶಿ ವಿನಿಮಯ ಮಾರುಕಟ್ಟೆ ಮುಚ್ಚಿರುತ್ತದೆ, ಸೋಮವಾರ ದರ ಏರಿದರೆ ನಷ್ಟವಾಗಬಾರದೆಂದು ಅಂಗಡಿಯವರು ಸ್ವಲ್ಪ ಹೆಚ್ಚೇ ಇಟ್ಟು ಹೇಳುತ್ತಾರೆ. ಬೆಂಗಳೂರಿನಲ್ಲಿ ಎಂ.ಜಿ. ರಸ್ತೆ, ಜಯನಗರದ ಕಡೆ, ಮಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲೂ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಮನಿ ಚೇಂಜರ್‌ಗಳಿದ್ದಾರೆ. ಪರವಾನಗಿ ಪತ್ರವನ್ನು ಗೋಡೆಗೆ ತೂಗುಹಾಕಿರುತ್ತಾರೆ, ನೋಡಿಕೊಳ್ಳಿ.

ಕೇಳುವ ಪ್ರಶ್ನೆ ಮುಖ್ಯ. “ಇವತ್ತು ಡಾಲರ್ ರೇಟ್ ಎಷ್ಟು ಸಾರ್?” ಎಂದರೆ ಚಂದದ ಒಂದು ಅಂಕಿ ಹೇಳುತ್ತಾರೆ. ಹಾಗೆ ಕೇಳಬೇಡಿ. “ಸಾವಿರ ಡಾಲರ್ ಬೇಕು, ನೂರರ ನೋಟು. ಜಿಎಸ್‌ಟಿ, ಸರ್ವಿಸ್ ಚಾರ್ಜು, ಮನೆಗೆ ತಂದುಕೊಡೋದು ಎಲ್ಲ ಸೇರಿ ನಾನು ಒಟ್ಟು ಎಷ್ಟು ಕಟ್ಟಬೇಕು?” ಎಂದು ಕೇಳಿ. ಮೊದಲ ಅಂಗಡಿಯ ಮೊತ್ತವನ್ನು ಎರಡನೆಯವರಿಗೆ ಹೇಳಿದರೆ ಅವರು ಡಾಲರಿಗೆ ಹತ್ತು-ಇಪ್ಪತ್ತು ಪೈಸೆ ಇಳಿಸುವುದು ಸಾಮಾನ್ಯ. ಚೌಕಾಸಿ ಮಾಡಲು ನಾಚಿಕೆ ಬೇಡ. ತರಕಾರಿ ಕೊಳ್ಳುವಾಗ ಕೇಳುವ ನಾವು ಲಕ್ಷ ರೂಪಾಯಿ ವ್ಯವಹಾರದಲ್ಲಿ ಯಾಕೆ ಸುಮ್ಮನಿರಬೇಕು?

ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ಟು, ಬೇಕಾದಲ್ಲಿ ವೀಸಾ ಪ್ರತಿ ಕೊಟ್ಟು ಎ-2 ಎಂಬ ಅರ್ಜಿಗೆ ಸಹಿ ಹಾಕಬೇಕು. ಮೊತ್ತ 50,000 ರೂಪಾಯಿ ದಾಟಿದರೆ ರೂಪಾಯಿ ನೋಟು ಕೊಟ್ಟು ಕೊಳ್ಳುವಂತಿಲ್ಲ, ಬ್ಯಾಂಕಿನ ಮೂಲಕವೇ ಕಟ್ಟಬೇಕು. ಬಹುತೇಕ ದೇಶಗಳಿಗೆ ಒಂದು ಪ್ರವಾಸಕ್ಕೆ ಒಬ್ಬರು 3,000 ಡಾಲರ್ ಮೌಲ್ಯದ ನೋಟು ಒಯ್ಯಬಹುದು, ಹೆಚ್ಚು ಬೇಕಿದ್ದರೆ ಕಾರ್ಡಿನಲ್ಲಿ. ಭಾರತದ ರೂಪಾಯಿ ನೋಟು ಒಬ್ಬರಿಗೆ 25,000ದವರೆಗೆ.

ಕರಾವಳಿಯ ನಮ್ಮ ಕಡೆ ಇನ್ನೊಂದು ಅಭ್ಯಾಸವಿದೆ. ದುಬೈ, ಕತಾರಿನಿಂದ ರಜೆಗೆ ಬಂದ ನೆಂಟರ ಹತ್ತಿರ ಉಳಿದ ದಿರ್ಹಮ್ಮೋ ಡಾಲರೋ ತೆಗೆದುಕೊಂಡು ರೂಪಾಯಿ ಕೊಡುವುದು. ಇಬ್ಬರಿಗೂ ಲಾಭ ಎಂದು ಕಾಣುತ್ತದೆ. ಆದರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ವಿದೇಶಿ ಹಣದ ಕೊಡು-ಕೊಳ್ಳುವಿಕೆ ಪರವಾನಗಿ ಇರುವವರೊಂದಿಗೆ ಮಾತ್ರ ನಡೆಯಬೇಕು. ಪೇಟೆಯ ರಸೀದಿ ಇಲ್ಲದ ನೋಟಿಗೆ ನಿಲ್ದಾಣದಲ್ಲಿ ಉತ್ತರ ಹೇಳುವ ಪರಿಸ್ಥಿತಿಯನ್ನು ತಂದುಕೊಳ್ಳಬೇಡಿ.

ಜಿಎಸ್‌ಟಿಯ ಬಗ್ಗೆ ಅನೇಕರಿಗೆ ಅನಗತ್ಯ ಭಯ ಇದೆ. 18 ಪ್ರತಿಶತ ಎಂದು ಕೇಳಿ ಗಾಬರಿಯಾಗುತ್ತಾರೆ. ಅದು ಪೂರ್ತಿ ಹಣದ ಮೇಲಲ್ಲ. ಒಂದು ಲಕ್ಷ ರೂಪಾಯಿಯವರೆಗಿನ ವಿನಿಮಯದಲ್ಲಿ ಒಟ್ಟು ಮೊತ್ತದ 1 ಪ್ರತಿಶತವನ್ನು ಸೇವೆಯ ಬೆಲೆ ಎಂದು ಹಿಡಿದು (ಕನಿಷ್ಠ 250 ರೂಪಾಯಿ) ಅದರ ಮೇಲೆ 18 ಪ್ರತಿಶತ. ಲಕ್ಷಕ್ಕೆ 180 ರೂಪಾಯಿ ಅಷ್ಟೇ. ಯಾರಾದರೂ ಜಿಎಸ್‌ಟಿ ಎಂದು ಇದಕ್ಕಿಂತ ಬಹಳ ಹೆಚ್ಚು ಬರೆದರೆ ಲೆಕ್ಕ ಬಿಡಿಸಿ ತೋರಿಸಿ ಎಂದು ಕೇಳಿ. ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಬರುವುದು ಒಂದು ಹಣಕಾಸು ವರ್ಷದಲ್ಲಿ ನೀವು ಹೊರದೇಶಕ್ಕೆ ಕೊಂಡ ಅಥವಾ ಕಳಿಸಿದ ಹಣ 10 ಲಕ್ಷ ದಾಟಿದ ಮೇಲೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 7 ಲಕ್ಷ ಇತ್ತು. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಟೂರ್ ಪ್ಯಾಕೇಜ್ ಕೊಳ್ಳದೆ ತಾವೇ ಏರ್ಪಾಡು ಮಾಡಿಕೊಂಡ ಸಾಮಾನ್ಯ ಕುಟುಂಬದ ಒಂದು ವಾರದ ಪ್ರವಾಸದಲ್ಲಿ ಇದರ ಗೊಡವೆ ಸಾಮಾನ್ಯವಾಗಿ ಬರುವುದಿಲ್ಲ.

ಬಾತ್ ಇಲ್ಲೇ ಕೊಳ್ಳಬೇಕೋ, ಡಾಲರ್ ಒಯ್ದು ಅಲ್ಲಿ ಬದಲಿಸಬೇಕೋ?

ನನಗೆ ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಎರಡು ಸಲ ಬದಲಿಸಿದರೆ ಎರಡು ಸಲ ನಷ್ಟ ಎನ್ನುವುದು ಸಹಜವಾದ ಯೋಚನೆ. ಆದರೆ ನಮ್ಮ ಪೇಟೆಯಲ್ಲಿ ಬಾತ್‌ಗೆ ದಿನನಿತ್ಯದ ಗಿರಾಕಿ ಕಡಿಮೆ, ಹಾಗಾಗಿ ಅಂತರ ಅಗಲ. ಡಾಲರಿಗೆ ಇಲ್ಲಿಯೂ ಅಲ್ಲಿಯೂ ಪೈಪೋಟಿ ಇದೆ, ಅಂತರ ಸಣ್ಣದು. ಎರಡು ಸಣ್ಣ ನಷ್ಟ ಒಂದು ದೊಡ್ಡ ನಷ್ಟಕ್ಕಿಂತ ಕಡಿಮೆಯಾಗಬಹುದು.

ಲೆಕ್ಕ ಸುಲಭವಾಗಲೆಂದು ನಡುದರ ಹೀಗಿದೆ ಎಂದಿಟ್ಟುಕೊಳ್ಳಿ: ಡಾಲರಿಗೆ 90 ರೂಪಾಯಿ, ಡಾಲರಿಗೆ 30 ಬಾತ್, ಅಂದರೆ ಬಾತ್‌ಗೆ 3 ರೂಪಾಯಿ. ನೀವು ಹೊರಡುವ ದಿನದ ಅಂಕಿ ಬೇರೆ ಇರುತ್ತದೆ, ಅದನ್ನು ಹಾಕಿಕೊಳ್ಳಿ.

ಪೇಟೆಯ ಅಂಗಡಿ 90.90ಕ್ಕೆ ಡಾಲರ್ ಕೊಟ್ಟರೆ ಸಾವಿರ ಡಾಲರಿಗೆ 90,900 ರೂಪಾಯಿ, ಜಿಎಸ್‌ಟಿ 164 ಸೇರಿ 91,064. ಬ್ಯಾಂಕಾಕ್‌ನ ಒಳ್ಳೆಯ ಅಂಗಡಿಯಲ್ಲಿ ಡಾಲರಿಗೆ 29.85 ಬಾತ್ ಸಿಕ್ಕಿದರೆ ಕೈಗೆ ಬರುವುದು 29,850 ಬಾತ್. ಭಾಗಿಸಿ: ಒಂದು ಬಾತ್‌ಗೆ 3 ರೂಪಾಯಿ 5 ಪೈಸೆ.

ಈಗ ನಿಲ್ದಾಣದ ಕೌಂಟರಿನಲ್ಲಿ ಬಾತ್‌ಗೆ 3.30 ಎಂದು ಬೋರ್ಡು ಇದೆ ಎನ್ನಿ. ಅದೇ 29,850 ಬಾತ್‌ಗೆ ಜಿಎಸ್‌ಟಿ ಸೇರಿ 98,682 ರೂಪಾಯಿ. ವ್ಯತ್ಯಾಸ 7,618 ರೂಪಾಯಿ. ಇಪ್ಪತ್ತೈದು ಪೈಸೆ ಎಂದರೆ ಏನು ಮಹಾ ಎನ್ನಿಸುವುದು ಬೋರ್ಡಿನ ಮುಂದೆ ನಿಂತಾಗ ಮಾತ್ರ.

ಇದನ್ನೇ ಎಲ್ಲ ದೇಶಕ್ಕೂ ಸೂತ್ರ ಮಾಡಿಕೊಳ್ಳಬೇಡಿ. ಯೂರೋ, ಪೌಂಡು, ಸಿಂಗಪುರ ಡಾಲರು, ದಿರ್ಹಮ್ ನಮ್ಮ ಪೇಟೆಯಲ್ಲಿ ಚೆನ್ನಾಗಿ ಓಡುತ್ತವೆ. ಯುರೋಪಿಗೆ ಹೋಗುವವರು ಡಾಲರ್ ಒಯ್ದು ಅಲ್ಲಿ ಯೂರೋ ಮಾಡಿಸಿದರೆ ಸುಮ್ಮನೆ ಎರಡು ಸಲ ಕಳೆದುಕೊಳ್ಳುತ್ತಾರೆ. ದಿರ್ಹಮ್ ಅನ್ನು ಡಾಲರಿಗೆ 3.6725ರಂತೆ ಕಟ್ಟಿಹಾಕಿರುವುದರಿಂದ ದುಬೈಗೆ ಹೋಗುವವರು ಎರಡು ದಾರಿಯನ್ನೂ ಕಾಗದದ ಮೇಲೆ ಸುಲಭವಾಗಿ ಹೋಲಿಸಬಹುದು. ಭೂತಾನದ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ, ನಮ್ಮ 1 ರೂಪಾಯಿಗೆ ನೇಪಾಳದ 1.6 ರೂಪಾಯಿ. ಅಲ್ಲಿ ಡಾಲರಿನ ಮಾತೇ ಬೇಡ.

ಡಾಲರ್ ಒಯ್ಯುವುದಾದರೆ ನೂರರ ನೋಟನ್ನೇ ಕೇಳಿ ಪಡೆಯಿರಿ. ಬ್ಯಾಂಕಾಕ್‌ನ ಬೋರ್ಡುಗಳಲ್ಲಿ ನೂರರ ನೋಟಿಗೆ ಒಂದು ದರ, ಐವತ್ತಕ್ಕೆ ಅದಕ್ಕಿಂತ ಕಡಿಮೆ, ಹತ್ತು-ಇಪ್ಪತ್ತರ ನೋಟಿಗೆ ಇನ್ನೂ ಕಡಿಮೆ. ಹೊಸದಾಗಿ, ಗರಿಗರಿಯಾಗಿ ಇರಲಿ. ಪೆನ್ನಿನ ಗೆರೆ, ಮುದ್ರೆ, ಹರಿದ ಅಂಚು ಇದ್ದರೆ ಅಲ್ಲಿ ಹಿಂದಿರುಗಿಸುತ್ತಾರೆ. ಭಾವನ ಬಳಿ ಇದ್ದ ಒಂದು ನೂರರ ನೋಟಿನ ಮೂಲೆಯಲ್ಲಿ ಯಾರೋ ಎಣಿಕೆಯ ಅಂಕಿ ಬರೆದಿದ್ದರು. ಮೂರು ಅಂಗಡಿ ತಿರುಗಿದರೂ ಅದನ್ನು ಯಾರೂ ಮುಟ್ಟಲಿಲ್ಲ. ಕೊಳ್ಳುವಾಗಲೇ ಒಂದೊಂದಾಗಿ ತಿರುವಿ ನೋಡಿ, ಬೇಡವಾದದ್ದನ್ನು ಬದಲಿಸಿಕೊಳ್ಳಿ, ಮಡಿಸದೆ ಪುಸ್ತಕದ ನಡುವೆ ಇಡಿ.

ಬ್ಯಾಂಕಾಕ್‌ನಲ್ಲಿ ಇಳಿದ ಮೇಲೆ

ಸುವರ್ಣಭೂಮಿ ನಿಲ್ದಾಣದಲ್ಲಿ ಸಾಮಾನು ತೆಗೆದುಕೊಳ್ಳುವ ಜಾಗದಲ್ಲೂ ಹೊರಬಂದ ಕೂಡಲೇ ಎದುರಾಗುವ ಹಜಾರದಲ್ಲೂ ವಿನಿಮಯ ಕೌಂಟರುಗಳು ಸಾಲಾಗಿವೆ. ಸುಸ್ತಾಗಿ ಬಂದವರು ಅಲ್ಲೇ ನಿಲ್ಲುತ್ತಾರೆ. ನಿಲ್ಲಬೇಡಿ. ಲಿಫ್ಟ್ ಹಿಡಿದು ಕೆಳಗೆ, ನಗರಕ್ಕೆ ಹೋಗುವ ರೈಲಿನ ನಿಲ್ದಾಣವಿರುವ ‘ಬಿ’ ಮಹಡಿಗೆ ಇಳಿಯಿರಿ. ಅಲ್ಲಿ ಸೂಪರ್‌ರಿಚ್‌ನಂಥ ನಗರದ ವಿನಿಮಯ ಅಂಗಡಿಗಳ ಕೌಂಟರುಗಳು ಅಕ್ಕಪಕ್ಕ ಇವೆ. ಪೈಪೋಟಿ ಇರುವ ಕಡೆ ದರ ಒಳ್ಳೆಯದಿರುತ್ತದೆ, ಅದೇ ಕಟ್ಟಡದ ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಕಣ್ಣಿಗೆ ಕಾಣುವಷ್ಟು ಅಂತರ. ಅಮ್ಮ, ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ಒಬ್ಬರು ಇಳಿದು ಬಂದರೆ ಹದಿನೈದು ನಿಮಿಷದ ಕೆಲಸ. ನಡುರಾತ್ರಿ ಇಳಿಯುವವರು ಮಾತ್ರ ಆ ಕೌಂಟರುಗಳು ಮುಚ್ಚಿರುವ ಸಾಧ್ಯತೆ ನೆನಪಿಡಿ. ಆಗ ಟ್ಯಾಕ್ಸಿಗೆ ಸಾಕಾಗುವಷ್ಟನ್ನು ಮೇಲೆ ಬದಲಿಸಿ ಉಳಿದದ್ದನ್ನು ಮರುದಿನಕ್ಕೆ ಇಡಿ.

ಪಾಸ್‌ಪೋರ್ಟ್ ಕೇಳುತ್ತಾರೆ, ಮೊಬೈಲಿನ ಫೋಟೋ ಸಾಕಾಗದೆ ಹೋಗಬಹುದು. ನೋಟುಗಳನ್ನು ಕೌಂಟರಿನಲ್ಲೇ ಎಣಿಸಿ. ಸಾವಿರದ ಒಂದೆರಡು ನೋಟನ್ನು ನೂರಾಗಿ, ಇಪ್ಪತ್ತಾಗಿ ಕೊಡಿ ಎಂದು ಕೇಳಿ. ಟುಕ್‌ಟುಕ್‌ನವರ ಬಳಿ ಸಾವಿರಕ್ಕೆ ಚಿಲ್ಲರೆ ಸಿಗದೆ ಹೆಚ್ಚು ಕೊಟ್ಟುಬಿಡುವುದೂ ಲೆಕ್ಕಕ್ಕೆ ಬಾರದ ಖರ್ಚೇ.

ರೂಪಾಯಿ ನೋಟನ್ನೇ ಒಯ್ದು ಅಲ್ಲಿ ಬದಲಿಸಬಹುದೇ? ತೆಗೆದುಕೊಳ್ಳುವ ಅಂಗಡಿಗಳಿವೆ. ಬೋರ್ಡಿನಲ್ಲಿ ಭಾರತದ ರೂಪಾಯಿಯ ಸಾಲನ್ನು ನೋಡಿ ಅದೇ ಭಾಗಾಕಾರ ಮಾಡಿ. ತುರ್ತಿಗೆ ಐನೂರರ ಕೆಲವು ನೋಟು ಇದ್ದರೆ ಒಳ್ಳೆಯದೇ.

ಎಟಿಎಂ: ಸಣ್ಣ ಮೊತ್ತ, ದೊಡ್ಡ ಪೆಟ್ಟು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಗೊತ್ತಿಲ್ಲದೆ ಅತಿ ಹೆಚ್ಚು ಹಣ ಸೋರುವುದು ಇಲ್ಲೇ. ವಿದೇಶಿ ಎಟಿಎಂನಲ್ಲಿ ಒಂದು ಸಲ ಹಣ ತೆಗೆದರೆ ನಾಲ್ಕು ಕಡೆ ಕತ್ತರಿ ಬೀಳುತ್ತದೆ. ಅಲ್ಲಿನ ಬ್ಯಾಂಕಿನ ಶುಲ್ಕ ಒಂದು. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಒಂದು ಸಲಕ್ಕೆ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತವೆ, ನೀವು ಎಷ್ಟೇ ತೆಗೆಯಿರಿ. ನಿಮ್ಮ ಬ್ಯಾಂಕು ವಿದೇಶದಲ್ಲಿ ತೆಗೆದದ್ದಕ್ಕೆ ಹಾಕುವ ಶುಲ್ಕ ಎರಡನೆಯದು. ಪರಿವರ್ತನೆಯ ಮೇಲೆ ನಿಮ್ಮ ಬ್ಯಾಂಕು ಸೇರಿಸುವ ಹೆಚ್ಚುವರಿ ಪ್ರತಿಶತ, ಅಂದರೆ ಮಾರ್ಕಪ್, ಮೂರನೆಯದು. ಈ ಕೊನೆಯ ಎರಡರ ಮೇಲೆ 18 ಪ್ರತಿಶತ ಜಿಎಸ್‌ಟಿ ನಾಲ್ಕನೆಯದು.

ಮೇಲಿನ ದರವನ್ನೇ ಹಿಡಿದು, ನಿಮ್ಮ ಡೆಬಿಟ್ ಕಾರ್ಡಿನ ಮಾರ್ಕಪ್ 3.5 ಪ್ರತಿಶತ, ಎಟಿಎಂ ಶುಲ್ಕ 150 ರೂಪಾಯಿ ಎನ್ನಿ. 5,000 ಬಾತ್ ತೆಗೆದರೆ ಖಾತೆಗೆ ಬೀಳುವುದು 5,220 ಬಾತ್, ಅಂದರೆ 15,660 ರೂಪಾಯಿ. ಮಾರ್ಕಪ್ ಮತ್ತು ಅದರ ಜಿಎಸ್‌ಟಿ 647. ಎಟಿಎಂ ಶುಲ್ಕ ಮತ್ತು ಅದರ ಜಿಎಸ್‌ಟಿ 177. ಒಟ್ಟು 16,484. ಕೈಗೆ ಬಂದ ಹಣದ ಬೆಲೆ 15,000. ನೂರಕ್ಕೆ ಹತ್ತರಷ್ಟು ಹೋಯಿತು.

ಅದೇ 2,000 ಬಾತ್ ತೆಗೆದರೆ? ಒಟ್ಟು 7,112 ರೂಪಾಯಿ ಹೋಗುತ್ತದೆ, ಕೈಗೆ ಬಂದದ್ದು 6,000ದ್ದು. ನೂರಕ್ಕೆ ಹದಿನೆಂಟೂವರೆ. ‘ಹೆಚ್ಚು ಹಣ ಜೇಬಿನಲ್ಲಿ ಬೇಡ, ಆಗಾಗ ಸ್ವಲ್ಪ ಸ್ವಲ್ಪ ತೆಗೆಯೋಣ’ ಎನ್ನುವ ಎಚ್ಚರಿಕೆಯ ಸ್ವಭಾವದವರೇ ಇಲ್ಲಿ ಹೆಚ್ಚು ಕಳೆದುಕೊಳ್ಳುತ್ತಾರೆ. ಎಟಿಎಂ ಅನಿವಾರ್ಯವಾದರೆ ಯಂತ್ರ ಬಿಡುವ ಗರಿಷ್ಠ ಮೊತ್ತವನ್ನು ಒಂದೇ ಸಲ ತೆಗೆದು ಹೋಟೆಲಿನ ಲಾಕರಿನಲ್ಲಿ ಇಡಿ. ಬಾಕಿ ಎಷ್ಟಿದೆ ಎಂದು ಯಂತ್ರದಲ್ಲಿ ನೋಡಿದರೂ ಅನೇಕ ಕಾರ್ಡುಗಳಲ್ಲಿ ಶುಲ್ಕವಿದೆ, ಆ್ಯಪ್‌ನಲ್ಲೇ ನೋಡಿ.

ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದಂತೂ ಆಸ್ಪತ್ರೆಯಂಥ ತುರ್ತು ಬಿಟ್ಟು ಬೇಡವೇ ಬೇಡ. ನಗದು ಮುಂಗಡ ಶುಲ್ಕದ ಜೊತೆಗೆ ಅದೇ ದಿನದಿಂದ ಬಡ್ಡಿ ಓಡಲು ಶುರು. ಸರಕು ಕೊಂಡಾಗ ಸಿಗುವ ಬಡ್ಡಿಯಿಲ್ಲದ ದಿನಗಳು ಇದಕ್ಕಿಲ್ಲ.

‘ರೂಪಾಯಿಯಲ್ಲೇ ಕಟ್ಟುತ್ತೀರಾ?’ ಎಂದು ಯಂತ್ರ ಕೇಳಿದಾಗ

ಊಟದ ಬಿಲ್ಲಿಗೆ ಕಾರ್ಡು ಕೊಟ್ಟಿರಿ. ಯಂತ್ರದ ತೆರೆಯಲ್ಲಿ ಎರಡು ಆಯ್ಕೆ: ಥಾಯ್ ಬಾತ್ 3,000 ಅಥವಾ ಭಾರತದ ರೂಪಾಯಿ 9,540. ನಮ್ಮ ರೂಪಾಯಿಯ ಚಿಹ್ನೆ ಕಂಡ ಕೂಡಲೇ ಬೆರಳು ತಾನಾಗಿ ಅತ್ತ ಹೋಗುತ್ತದೆ. ಪರದೇಶದಲ್ಲಿ ಪರಿಚಿತ ಅಂಕಿ ಕಂಡರೆ ಧೈರ್ಯ ಬರುವುದು ಸಹಜ. ಅಮ್ಮನಂತೂ “ರೂಪಾಯೀಲೇ ಕೊಡು, ಲೆಕ್ಕ ಗೊತ್ತಾಗತ್ತೆ” ಎನ್ನುತ್ತಿದ್ದಳು.

ಆ ಸೌಕರ್ಯದ ಬೆಲೆ ಅಲ್ಲೇ ಇದೆ. ಬಾತ್‌ಗೆ 3ರಂತೆ 9,000 ಆಗಬೇಕಾದದ್ದು 9,540 ಆಗಿದೆ, 6 ಪ್ರತಿಶತ ಹೆಚ್ಚು. ಇಲ್ಲಿ ದರ ನಿಗದಿ ಮಾಡಿದ್ದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲವೂ ಅಲ್ಲ, ನಿಮ್ಮ ಬ್ಯಾಂಕೂ ಅಲ್ಲ. ಯಂತ್ರ ನಡೆಸುವ ಸಂಸ್ಥೆ ತನ್ನದೇ ದರ ಹಾಕಿ ಲಾಭವನ್ನು ಅಂಗಡಿಯವರೊಂದಿಗೆ ಹಂಚಿಕೊಳ್ಳುತ್ತದೆ. ಬಾತ್‌ನಲ್ಲೇ ಕಟ್ಟಿದ್ದರೆ 3.5 ಪ್ರತಿಶತ ಮಾರ್ಕಪ್ ಇರುವ ಸಾಧಾರಣ ಕಾರ್ಡಿನಲ್ಲೂ ಜಿಎಸ್‌ಟಿ ಸೇರಿ 9,372ಕ್ಕೆ ಮುಗಿಯುತ್ತಿತ್ತು. ಇನ್ನೂ ಒಂದು ಮಾತು: ರೂಪಾಯಿಯಲ್ಲಿ ಕಟ್ಟಿದರೂ ಅಂಗಡಿ ಹೊರದೇಶದ್ದು ಎಂಬ ಕಾರಣಕ್ಕೆ ಕೆಲವು ಬ್ಯಾಂಕುಗಳು ತಮ್ಮ ಶುಲ್ಕವನ್ನು ಬಿಡುವುದಿಲ್ಲ. ಪೂರ್ತಿ ಮಾರ್ಕಪ್ ಅದರ ಮೇಲೂ ಬಿದ್ದರೆ ಆ ಊಟ 9,934 ರೂಪಾಯಿಯದಾಗುತ್ತದೆ.

ಆದ್ದರಿಂದ ಎಲ್ಲಿ ಹೋದರೂ ಆ ದೇಶದ ಹಣವನ್ನೇ ಆರಿಸಿ. ಕಾರ್ಡು ಕೊಡುವಾಗಲೇ “ಬಾತ್, ಪ್ಲೀಸ್” ಎಂದುಬಿಡಿ. ಎಷ್ಟೋ ಸಲ ಅಂಗಡಿಯ ಹುಡುಗ ನಿಮ್ಮನ್ನು ಕೇಳದೆ ರೂಪಾಯಿ ಒತ್ತಿಬಿಡುತ್ತಾನೆ. ಸಹಿ ಹಾಕುವ ಅಥವಾ ಪಿನ್ ಒತ್ತುವ ಮೊದಲು ತೆರೆ ನೋಡಿ, ತಪ್ಪಿದ್ದರೆ ರದ್ದು ಮಾಡಿಸಿ ಮತ್ತೆ ಹಾಕಿಸಿ. ಎಟಿಎಂಗಳಲ್ಲೂ ಇದೇ ಪ್ರಶ್ನೆ ಬರುತ್ತದೆ, ಅಲ್ಲಿ ‘ಪರಿವರ್ತನೆಯನ್ನು ಒಪ್ಪುವುದಿಲ್ಲ’ ಎಂಬರ್ಥದ ಗುಂಡಿ ಒತ್ತಿ. ಒಪ್ಪದಿದ್ದರೆ ಹಣ ಬರುವುದಿಲ್ಲವೇನೋ ಎಂದು ಹೆದರಬೇಡಿ, ಬರುತ್ತದೆ. ಹೋಟೆಲ್ ಬುಕಿಂಗ್ ತಾಣಗಳು ಬೆಲೆಯನ್ನು ರೂಪಾಯಿಯಲ್ಲಿ ತೋರಿಸುವುದರಲ್ಲೂ ಅವರದೇ ದರ ಸೇರಿರಬಹುದು. ಸ್ಥಳೀಯ ಹಣಕ್ಕೆ ಬದಲಿಸಿ ನೋಡಿ ಹೋಲಿಸಿ.

ಯಾವ ಕಾರ್ಡು ಒಯ್ಯಬೇಕು

ಮಾರ್ಕಪ್ ಇಲ್ಲದ ಅಥವಾ ಕಡಿಮೆ ಇರುವ ಕ್ರೆಡಿಟ್ ಕಾರ್ಡುಗಳನ್ನು ಈಗ ಹಲವು ಬ್ಯಾಂಕುಗಳು ಕೊಡುತ್ತಿವೆ. ನನ್ನ ಅಭಿಪ್ರಾಯದಲ್ಲಿ ಅಂಗಡಿ, ಹೋಟೆಲಿಗೆ ಅದಕ್ಕಿಂತ ಅಗ್ಗದ ದಾರಿ ಇಲ್ಲ. ನಿಮ್ಮ ಬಳಿ ಈಗಿರುವ ಕಾರ್ಡಿನ ಮಾರ್ಕಪ್ ಎಷ್ಟು ಎಂದು ಬ್ಯಾಂಕಿನ ಶುಲ್ಕಪಟ್ಟಿಯಲ್ಲಿ ನೋಡಿ. ಸಾಮಾನ್ಯವಾಗಿ 2ರಿಂದ 3.5 ಪ್ರತಿಶತ ಇರುತ್ತದೆ, ಜೊತೆಗೆ ಅದರ ಮೇಲೆ ಜಿಎಸ್‌ಟಿ. ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಬಳಕೆಯನ್ನು ಹೊರಡುವ ದಿನ ಚಾಲೂ ಮಾಡಿ, ಬಂದ ದಿನ ಮುಚ್ಚಿ.

ಫಾರೆಕ್ಸ್ ಕಾರ್ಡು, ಅಂದರೆ ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡು, ‘ತುಂಬಿದ ದಿನವೇ ದರ ನಿಗದಿಯಾಗುತ್ತದೆ, ಚಿಂತೆ ಇಲ್ಲ’ ಎಂದು ಮಾರಾಟವಾಗುತ್ತದೆ. ಅದು ನಿಜ, ಕಾರ್ಡಿಗೆ ತುಂಬಿದ ಹಣದಲ್ಲೇ ಖರ್ಚು ಮಾಡಿದರೆ. ಡಾಲರ್ ತುಂಬಿದ ಕಾರ್ಡನ್ನು ಬ್ಯಾಂಕಾಕ್‌ನಲ್ಲಿ ಉಜ್ಜಿದರೆ ಡಾಲರಿನಿಂದ ಬಾತ್‌ಗೆ ಮತ್ತೊಂದು ಪರಿವರ್ತನೆ ನಡೆದು 3 ಪ್ರತಿಶತದ ಆಸುಪಾಸು ಹೋಗಬಹುದು. ಕಾರ್ಡು ಕೊಳ್ಳುವ ಮೊದಲು ಕೇಳಬೇಕಾದವು: ನಾನು ಹೋಗುವ ದೇಶದ ಹಣ ಇದರಲ್ಲಿ ತುಂಬಬಹುದೇ? ಕಾರ್ಡಿಗೆ, ಮರುತುಂಬುವುದಕ್ಕೆ, ಬಳಸದೆ ಇಟ್ಟರೆ ಶುಲ್ಕ ಎಷ್ಟು? ಉಳಿದದ್ದನ್ನು ಯಾವ ದರಕ್ಕೆ ಹಿಂದೆ ಪಡೆಯುತ್ತೀರಿ? ಓದಲು ಹೋಗುವ ಮಕ್ಕಳಿಗೆ, ಅಮೆರಿಕ-ಯುರೋಪಿಗೆ ತಿಂಗಳುಗಟ್ಟಲೆ ಹೋಗುವ ಅಜ್ಜ-ಅಜ್ಜಿಯರಿಗೆ ಇದು ಒಳ್ಳೆಯದು. ಒಂದು ವಾರದ ಥಾಯ್ಲೆಂಡಿಗೆ ನಾನು ಒಯ್ಯುವುದಿಲ್ಲ.

ಹೋಟೆಲಿನಲ್ಲಿ ಮುಂಗಡ ಠೇವಣಿ ಹಿಡಿಯುವಾಗ ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡು ಕೊಡಬೇಡಿ. ಹಣ ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯುತ್ತದೆ, ನಡುವೆ ಕೈ ಕಟ್ಟಿದಂತಾಗುತ್ತದೆ. ಕೊಂಡ ವಸ್ತು ಹಿಂದಿರುಗಿಸಿದಾಗ ಬರುವ ಹಣವೂ ಆ ದಿನದ ದರದಲ್ಲಿ ಬರುತ್ತದೆ, ಮೊದಲು ಹೋದ ಮಾರ್ಕಪ್ ಮರಳಿ ಬರುತ್ತದೆಂದು ನಂಬುವಂತಿಲ್ಲ.

ಮರಳುವ ಮುನ್ನ

ಉಳಿದ ಬಾತ್ ಅನ್ನು ಬೆಂಗಳೂರಿಗೆ ತಂದು ಬದಲಿಸಿದರೆ ‘ಬೈ’ ಕಾಲಂನ ಕೆಟ್ಟ ದರಕ್ಕೆ ಹೋಗುತ್ತದೆ. ಹಾಗಾಗಿ ಕೊನೆಯ ಎರಡು ದಿನ ಕಾರ್ಡು ಬಿಟ್ಟು ನೋಟನ್ನೇ ಖರ್ಚು ಮಾಡಿ. ಕೊನೆಯ ಹೋಟೆಲ್ ಬಿಲ್ಲಿನ ಒಂದು ಭಾಗವನ್ನು ನೋಟಿನಲ್ಲಿ, ಉಳಿದದ್ದನ್ನು ಕಾರ್ಡಿನಲ್ಲಿ ಕಟ್ಟುತ್ತೇನೆ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬದಲಿಸದೆ ಉಳಿದ ನೂರರ ಡಾಲರ್ ನೋಟುಗಳನ್ನು ಹಾಗೇ ತನ್ನಿ. 2,000 ಡಾಲರಿನವರೆಗೆ ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಬಂದ 180 ದಿನದೊಳಗೆ ಮರಳಿಸಬೇಕು. ಕೊಂಡ ರಸೀದಿಯನ್ನು ನೋಟಿನ ಜೊತೆಗೇ ಇಡಿ.

ನಾಣ್ಯಗಳನ್ನು ಯಾವ ವಿನಿಮಯ ಅಂಗಡಿಯೂ ಮುಟ್ಟುವುದಿಲ್ಲ. ಹತ್ತು, ಐದು, ಎರಡು, ಒಂದರ ನಾಣ್ಯಗಳು ಒಂದು ವಾರದಲ್ಲಿ ಚೀಲ ತುಂಬುತ್ತವೆ. ಸೆವೆನ್-ಇಲೆವೆನ್ ಅಂಗಡಿಯಲ್ಲಿ ನೀರಿನ ಬಾಟಲಿಗೆ, ಬಸ್ಸಿಗೆ, ಮೆಟ್ರೋ ಟಿಕೆಟ್ ಯಂತ್ರಕ್ಕೆ ಮೊದಲು ಅವನ್ನೇ ಹಾಕಿ. ನಮ್ಮಲ್ಲಿ ಉಳಿದ ನಾಣ್ಯಗಳನ್ನೆಲ್ಲ ಅಮ್ಮ ಕೊನೆಯ ದಿನ ತನ್ನ ಸೆರಗಿನ ಗಂಟಿಗೆ ಹಾಕಿಕೊಂಡಳು. ವಾಟ್ ಫೋ ದೇವಾಲಯದಲ್ಲಿ ಮಲಗಿದ ಬುದ್ಧನ ಬೆನ್ನ ಹಿಂದಿನ ಓಣಿಯಲ್ಲಿ 108 ಕಂಚಿನ ಬಟ್ಟಲುಗಳ ಸಾಲು ಇದೆ, ಹೋದವರು ಒಂದೊಂದರಲ್ಲಿ ಒಂದೊಂದು ನಾಣ್ಯ ಹಾಕುತ್ತಾ ಸಾಗುತ್ತಾರೆ. ಅಮ್ಮ ನಲವತ್ತರವರೆಗೆ ಹಾಕಿ, ಗಂಟು ಖಾಲಿಯಾಯಿತು ಎಂದು ತಿರುಗಿ ನೋಡಿದಳು. ಭಾವ ಇಪ್ಪತ್ತರ ನೋಟು ಕೊಟ್ಟು ಅಲ್ಲೇ ಚಿಲ್ಲರೆ ತಂದುಕೊಟ್ಟ.